ಕಿತ್ತೂರು ಸೀಮೆಯ ಓಟು, ಜೋಹಾನ್ಸ್‌ಬರ್ಗ್‌ನ ಎಣಿಕೆ

‘ವೋಟ್ ಹಾಳ ಮಾಡ್ಕೋಬ್ಯಾಡ್ರಿ’ ಎನ್ನುವ ಮಾತನ್ನು ಕೇಳುತ್ತಲೇ ಬೆಳೆದವನು ನಾನು. ಬೈಲಹೊಂಗಲ ಸೀಮೆಯ ನಮ್ಮ ಹಳ್ಳಿಯಲ್ಲಿ ಚುನಾವಣೆ ಹತ್ತಿರ ಬಂತೆಂದರೆ ಹನುಮಪ್ಪನ ಗುಡಿಕಟ್ಟೆಯ ಮೇಲೆ ಇದೇ ಮಾತು. ಮನುಷ್ಯಾ ಚಲೋ ಅದಾನ, ಖರೇನ ಮಾತಾಡ್ತಾನ, ಆದರ ಆರಿಸಿ ಬರೂದಿಲ್ಲ. ಬರಲಾರದವಗ ಹಾಕಿ ವೋಟ್ ಯಾಕ ಹಾಳ ಮಾಡ್ತಿ? ಇಷ್ಟು ಹೇಳಿದರೆ ಮುಗಿಯಿತು. ಚಲೋ ಮನುಷ್ಯನ ಸುದ್ದಿ ಅಲ್ಲಿಗೇ ನಿಲ್ಲುತ್ತಿತ್ತು.

ಹದಿನೇಳು ವರ್ಷದಿಂದ ಜೋಹಾನ್ಸ್‌ಬರ್ಗ್‌ನಲ್ಲಿದ್ದೇನೆ. ಇಲ್ಲಿಯ ಜನ ಸರ್ಕಾರವನ್ನು ಬೈಯುತ್ತಾರೆ, ಕರೆಂಟು ಹೋದರೆ ಬೈಯುತ್ತಾರೆ, ನಳಕ್ಕೆ ನೀರು ಬರದಿದ್ದರೆ ಇನ್ನೂ ಜೋರಾಗಿ ಬೈಯುತ್ತಾರೆ. ಆದರೆ ಸಣ್ಣ ಪಕ್ಷಕ್ಕೆ ಹಾಕಿದ ಓಟು ಹಾಳು ಎನ್ನುವ ಮಾತು ನನ್ನ ಕಿವಿಗೆ ಬಿದ್ದಿಲ್ಲ. ಯಾಕೆ ಎಂದು ನನಗೆ ಸರಿಯಾಗಿ ತಿಳಿದದ್ದು 2024ರ ಮೇ 29ರಂದು.

ಅವತ್ತು ಇಲ್ಲಿ ರಾಷ್ಟ್ರೀಯ ಚುನಾವಣೆ. ನಮ್ಮ ಕಾರ್ಖಾನೆಯ ಸ್ಟೋರಿನಲ್ಲಿ ದುಡಿದು ನಿವೃತ್ತರಾದ ಅಜ್ಜಿಯೊಬ್ಬರನ್ನು ನಾನೇ ಕಾರಿನಲ್ಲಿ ಮತಗಟ್ಟೆಗೆ ಕರೆದೊಯ್ದೆ. ನಾವೆಲ್ಲ ಅವರನ್ನು ಗೋಗೊ ಎನ್ನುತ್ತೇವೆ. ಜುಲು ಭಾಷೆಯಲ್ಲಿ ಗೋಗೊ ಅಂದರೆ ಅಜ್ಜಿ. ನನಗೆ ಈ ದೇಶದಲ್ಲಿ ಓಟಿಲ್ಲ, ಆದರೂ ಅವರ ಜೊತೆ ಸಾಲಿನಲ್ಲಿ ನಿಂತೆ. ಚಳಿಗಾಲದ ಹೊಸ್ತಿಲು. ಕೆಲವರು ಕಂಬಳಿ ಹೊದ್ದು ಬಂದಿದ್ದರು, ಕೆಲವರು ಮಡಚುವ ಕುರ್ಚಿ ತಂದಿದ್ದರು. ಸಾಲು ಸರಿಯುತ್ತಲೇ ಇರಲಿಲ್ಲ. ಗೋಡೆಗೆ ಅಂಟಿಸಿದ ಮಾದರಿ ಮತಪತ್ರವನ್ನು ಓದುತ್ತ ನಿಂತೆ. ರಾಷ್ಟ್ರೀಯ ಪಟ್ಟಿಯಲ್ಲೇ 52 ಪಕ್ಷ. ಒಂದೊಂದಕ್ಕೂ ಹೆಸರು, ಗುರುತು, ನಾಯಕರ ಫೋಟೊ. ಗೋಗೊ ಯಾವ ಪಕ್ಷದವರೆಂದು ನನಗೆ ಗೊತ್ತಿತ್ತು, ಅವರು ಅದನ್ನು ಎಂದೂ ಮುಚ್ಚಿಟ್ಟವರಲ್ಲ. ಜುಲು ನಾಡಿನ ಇಂಕಾಥಾ ಫ್ರೀಡಂ ಪಾರ್ಟಿ. ಊರಿನ ಕಟ್ಟೆಯ ಮಾತು ನನ್ನ ಬಾಯಿಂದಲೂ ಬಂದುಬಿಟ್ಟಿತು: ‘ಗೋಗೊ, ನಿಮ್ಮ ಪಕ್ಷವೇನು ಸರ್ಕಾರ ಮಾಡುವುದಿಲ್ಲವಲ್ಲ?’

ಅವರು ನನ್ನ ಮುಖ ನೋಡಿದರು. ‘ಸರ್ಕಾರ ಮಾಡಲಿ ಬಿಡಲಿ, ನನ್ನ ಓಟು ಕೇಪ್‌ಟೌನ್ ಮುಟ್ಟುತ್ತದಲ್ಲ’ ಎಂದರು. ಸಂಸತ್ತು ಇರುವುದು ಕೇಪ್‌ಟೌನಿನಲ್ಲಿ. ಓಟು ಹಾಕಿ ಹೊರಬಂದಾಗ ಎಡಗೈ ಹೆಬ್ಬೆರಳಿನ ಉಗುರಿನ ಮೇಲಿನ ಶಾಯಿ ತೋರಿಸಿದರು. ನಮ್ಮಲ್ಲಿ ತೋರುಬೆರಳಿಗೆ ಹಚ್ಚುತ್ತಾರೆ, ಇಲ್ಲಿ ಹೆಬ್ಬೆರಳಿಗೆ.

ಓಟು ಕೇಪ್‌ಟೌನ್ ಮುಟ್ಟುತ್ತದೆ ಎಂದದ್ದು ಲೆಕ್ಕದ ಮಾತು. ಇಲ್ಲಿಯ ಸಂಸತ್ತಿನ ಕೆಳಮನೆಗೆ 400 ಸ್ಥಾನ. ಒಂದು ಪಕ್ಷಕ್ಕೆ ದೇಶದಲ್ಲೆಲ್ಲ ಎಷ್ಟು ಓಟು ಬಿದ್ದವೋ ಆ ಪಾಲಿನಷ್ಟೇ ಸ್ಥಾನ. ಇಷ್ಟು ಓಟು ಬಂದರೇ ಒಳಗೆ ಎನ್ನುವ ಕನಿಷ್ಠ ಮಿತಿಯೂ ಇಲ್ಲ. 2024ರಲ್ಲಿ ಹೆಚ್ಚೂಕಡಿಮೆ 40 ಸಾವಿರ ಓಟಿಗೆ ಒಂದು ಸ್ಥಾನ ಬಿತ್ತು. ಆ 40 ಸಾವಿರ ಒಂದೇ ಊರಿನವು ಆಗಬೇಕಿಲ್ಲ. ಅಲ್ಲಿ ನೂರು, ಇಲ್ಲಿ ಐವತ್ತು ಸೇರಿದರೂ ನಡೆಯುತ್ತದೆ. 1994ರಿಂದ ಒಂಟಿಯಾಗಿ ಬಹುಮತ ಪಡೆಯುತ್ತ ಬಂದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿಗೆ ಈ ಸಲ ಸಿಕ್ಕದ್ದು 159. ಹತ್ತು ಪಕ್ಷ ಕೂಡಿ ಸರ್ಕಾರ ಮಾಡಿದವು. ನೂರಕ್ಕೆ ಕಾಲು ಓಟೂ ಬೀಳದ ‘ಗುಡ್’ ಎನ್ನುವ ಪಕ್ಷಕ್ಕೆ ಇರುವುದು ಒಂದೇ ಸ್ಥಾನ, ಅದರ ನಾಯಕಿ ಪೆಟ್ರೀಷಿಯಾ ಡಿ ಲಿಲ್ ಪ್ರವಾಸೋದ್ಯಮ ಸಚಿವೆ. ಭೂಮಿ ಆಫ್ರಿಕನ್ನರಿಗೆ ಮರಳಬೇಕೆಂದು ಹುಟ್ಟಿದ ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ಸಿಗೂ ಒಂದೇ ಸ್ಥಾನ, ಭೂಸುಧಾರಣೆ ಖಾತೆ ಅದರ ಕೈಯಲ್ಲಿ. ಬಿಳಿಯ ಆಫ್ರಿಕಾನರ್‌ ರೈತರ ಪರ ಮಾತಾಡುವ ಫ್ರೀಡಂ ಫ್ರಂಟ್ ಪ್ಲಸ್‌ಗೆ 6 ಸ್ಥಾನ, ಬಂದೀಖಾನೆ ಖಾತೆ ಅದರದು. ಎಣ್ಣೆ ಸೀಗೇಕಾಯಿಯಂತಿದ್ದವರು ಒಂದೇ ಮಂತ್ರಿಮಂಡಲದಲ್ಲಿ ಕುಳಿತಿದ್ದಾರೆ.

ಈಗ ನಮ್ಮೂರಿಗೆ ಬರುತ್ತೇನೆ, 1989ಕ್ಕೆ.

ನಮ್ಮ ಕಾಕಾ ರೈತಸಂಘದವರು. ಹೆಗಲ ಮೇಲಿನ ಹಸಿರು ಟವೆಲ್ ಇಲ್ಲದೆ ಅವರನ್ನು ನಾನು ನೋಡಿದ್ದು ಕಡಿಮೆ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಮಲಪ್ರಭೆಯ ನೀರಿನ ಹೆಸರಿನಲ್ಲಿ ಹೇರಿದ್ದ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು, ಗುಂಡು ಹಾರಿತು, ಹೆಣ ಬಿದ್ದವು. ನೀರು ಹೊಲಕ್ಕೆ ಬರುವ ಮೊದಲೇ ಕರದ ನೋಟಿಸು ಮನೆಗೆ ಬಂದಿತ್ತು ಎಂದು ಕಾಕಾ ಇವತ್ತಿಗೂ ಹೇಳುತ್ತಾರೆ. ಆ ಸಿಟ್ಟಿನಿಂದ ಬೆಳೆದ ಸಂಘ ನಮ್ಮೂರಿಗೂ ಬಂತು. ಊರ ಅಗಸಿಯಲ್ಲಿ ಹಸಿರು ಬೋರ್ಡು ನಿಂತಿತು: ಸಂಘದ ಅನುಮತಿ ಇಲ್ಲದೆ ಸಾಲ ವಸೂಲಿಯವರು, ಸರ್ಕಾರಿ ಅಧಿಕಾರಿಗಳು ಊರೊಳಗೆ ಬರಬಾರದು. ಅಲ್ಲಿಯವರೆಗೆ ಜಪ್ತಿಗೆ ಬಂದವರು ಮನೆಯ ಬಾಗಿಲು ಕಿತ್ತೊಯ್ಯುವುದನ್ನು ನಿಂತು ನೋಡಿದ ಜನ, ಆ ಬೋರ್ಡಿನ ಹಿಂದೆ ಎದೆ ಸೆಟೆಸಿ ನಿಂತರು. ನಾನಾಗ ಹೈಸ್ಕೂಲು. ಆ ಬೋರ್ಡಿನ ಅಕ್ಷರ ಮಾಸಿದಾಗೊಮ್ಮೆ ಡಬ್ಬಿ ಹಿಡಿದು ನಿಲ್ಲುವ ಕೆಲಸ ನನ್ನದಿತ್ತು. ಎಣ್ಣೆ ಬಣ್ಣದ ವಾಸನೆ ಈಗಲೂ ಮೂಗಿನಲ್ಲಿದೆ.

1989ರ ವಿಧಾನಸಭಾ ಚುನಾವಣೆಯಲ್ಲಿ ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು ರೈತಸಂಘದಿಂದ ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ನಿಂತರು. ಎರಡೂ ಕಡೆ ಗೆದ್ದರು. ಚೆನ್ನಮ್ಮನ ನಾಡಿನಲ್ಲಿ ದುಡ್ಡಿಲ್ಲದ, ಜೀಪಿಲ್ಲದ ಸಂಘವೊಂದು ಗೆದ್ದಿತೆಂದು ನಮ್ಮೂರಲ್ಲಿ ಗುಲಾಲು ಹಾರಿದ್ದು ಕಣ್ಣಿಗೆ ಕಟ್ಟಿದಂತಿದೆ. ಅವರು ಬಿಟ್ಟುಕೊಟ್ಟ ಧಾರವಾಡ ಗ್ರಾಮೀಣದಲ್ಲಿ ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಗೆದ್ದು ವಿಧಾನಸಭೆಗೆ ಹೋದರು.

ಇಡೀ ರಾಜ್ಯದಲ್ಲಿ ಸಂಘ ಆ ಸಾರ್ವತ್ರಿಕ ಚುನಾವಣೆಯಲ್ಲಿ ಗೆದ್ದ ಸ್ಥಾನ ಆ ಎರಡೇ. ಶಿವಮೊಗ್ಗ, ಮಂಡ್ಯ, ಮೈಸೂರು, ಧಾರವಾಡ ಕಡೆಯಲ್ಲೆಲ್ಲ ಹಸಿರು ಟವೆಲ್ ಹಾಕಿದವರು ಹಾಕಿದ ಓಟು ಎಲ್ಲಿ ಹೋದವು? ಅದೇ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ನೂರಕ್ಕೆ 44ರಷ್ಟು ಓಟು, 224ರಲ್ಲಿ 178 ಸ್ಥಾನ. ಜನತಾದಳಕ್ಕೆ ನೂರಕ್ಕೆ 27ರಷ್ಟು ಓಟು, ಸ್ಥಾನ ಕೇವಲ 24. ದೊಡ್ಡ ಪಕ್ಷಕ್ಕೇ ಹೀಗಾದರೆ ಸಣ್ಣವರ ಪಾಡು ಕೇಳುವುದೇ ಬೇಡ. ನಮ್ಮ ಪದ್ಧತಿಯಲ್ಲಿ ಒಂದು ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಓಟು ಹೆಚ್ಚು ಪಡೆದವನಿಗೆ ಪೂರ್ತಿ ಕ್ಷೇತ್ರ, ಉಳಿದ ಓಟಿಗೆ ಏನೂ ಇಲ್ಲ. ಕಟ್ಟೆಯ ಮೇಲಿನವರು ಹೇಳುವ ‘ಹಾಳು’ ನಮ್ಮ ಜನರ ಗುಣದ ದೋಷವಲ್ಲ, ಎಣಿಕೆಯ ದೋಷ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ದೇಶ ಬಿಡಬೇಕಾಯಿತು.

ಒಬ್ಬಿಬ್ಬರು ಒಳಗಿದ್ದು ಏನು ಮಾಡುತ್ತಾರೆ ಎಂದು ಕೇಳುವವರಿದ್ದಾರೆ. ನಾನು ಅವರಿಗೆ ಹೆಲೆನ್ ಸುಜ್ಮನ್ ಹೆಸರು ಹೇಳುತ್ತೇನೆ. ಬಿಳಿಯರಿಗೆ ಮಾತ್ರ ಓಟಿದ್ದ ಕಾಲದ ದಕ್ಷಿಣ ಆಫ್ರಿಕದ ಸಂಸತ್ತಿನಲ್ಲಿ, 1961ರಿಂದ 1974ರವರೆಗೆ, 13 ವರ್ಷ, ಪ್ರೊಗ್ರೆಸಿವ್ ಪಕ್ಷದ ಏಕೈಕ ಸದಸ್ಯೆ. ವಿಚಾರಣೆಯಿಲ್ಲದೆ 90 ದಿನ ಕೂಡಿಹಾಕುವ ಕಾನೂನು 1963ರಲ್ಲಿ ಬಂದಾಗ ಎದುರು ಮತ ಹಾಕಿದವರು ಅವರೊಬ್ಬರೇ. ಮಂಡೇಲಾ ಬಂಧಿಯಾಗಿದ್ದ ರಾಬೆನ್ ದ್ವೀಪಕ್ಕೆ 1967ರಲ್ಲಿ ಹೋಗಿ ಕೈದಿಗಳ ದೂರು ಕೇಳಿ ಬಂದರು. ಸದಸ್ಯೆಯಾಗಿದ್ದಕ್ಕೇ ಆ ಬಾಗಿಲು ತೆರೆಯಿತು. ಒಬ್ಬರು ಪ್ರಶ್ನೆ ಕೇಳಿದರೆ ಮಂತ್ರಿ ಉತ್ತರ ಕೊಡಲೇಬೇಕು, ಆ ಉತ್ತರ ದಾಖಲಾಗುತ್ತದೆ, ಮುಂದೊಂದು ದಿನ ಸಾಕ್ಷಿಯಾಗಿ ನಿಲ್ಲುತ್ತದೆ.

ಈಚಿನ ಉದಾಹರಣೆಯೂ ಇದೆ. 2014ರಲ್ಲಿ 25 ಸ್ಥಾನ ಗೆದ್ದ ಇಎಫ್‌ಎಫ್ (ಎಕನಾಮಿಕ್ ಫ್ರೀಡಂ ಫೈಟರ್ಸ್) ಪಕ್ಷದ ನಡೆನುಡಿ ಎಷ್ಟೋ ಸಲ ನನಗೆ ಸರಿಬಂದಿಲ್ಲ. ಆದರೆ ಅಧ್ಯಕ್ಷ ಜೇಕಬ್ ಜುಮಾ ತಮ್ಮ ಎನ್ಕಾಂಡ್ಲಾ ಮನೆಗೆ ಸರ್ಕಾರದ ದುಡ್ಡು ಸುರಿಸಿಕೊಂಡಾಗ ಸದನದಲ್ಲಿ ‘ದುಡ್ಡು ಯಾವಾಗ ಕಟ್ಟುತ್ತೀರಿ’ ಎಂದು ಬಿಡದೆ ಕೇಳಿದವರು ಅವರೇ. ಸಂವಿಧಾನ ನ್ಯಾಯಾಲಯಕ್ಕೆ ಹೋದವರಲ್ಲೂ ಅವರಿದ್ದರು. 2016ರ ಮಾರ್ಚ್ 31ರಂದು ತೀರ್ಪು ಬಂತು, ಅಧ್ಯಕ್ಷರು ದುಡ್ಡು ಕಟ್ಟಬೇಕಾಯಿತು. ಆಗ ಆಳುವ ಪಕ್ಷಕ್ಕೆ ಸಂಸತ್ತಿನಲ್ಲಿ ಭಾರೀ ಬಹುಮತ. ಬಹುಮತ ಸುಮ್ಮನಿತ್ತು.

ನಮ್ಮ ಕಡೆ? 2025ರ ನವೆಂಬರಿನಲ್ಲಿ ಮೂಡಲಗಿ ಹತ್ತಿರದ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲು ರಾತ್ರಿ ರಸ್ತೆಯ ಮೇಲೆ ಕುಳಿತರು. ನಾನು ಇಲ್ಲಿಂದ ಫೋನಿನಲ್ಲಿ ಆ ವಿಡಿಯೊ ನೋಡುತ್ತ ಕುಳಿತಿದ್ದೆ. ಬೆಳಗಾವಿ ಜಿಲ್ಲೆಯಲ್ಲಿ 18 ವಿಧಾನಸಭಾ ಕ್ಷೇತ್ರ. ಸಕ್ಕರೆ ಕಾರ್ಖಾನೆಯ ಜೊತೆ ನಂಟಿರುವ ರಾಜಕಾರಣಿಗಳು ಎಲ್ಲ ದೊಡ್ಡ ಪಕ್ಷದಲ್ಲೂ ಇದ್ದಾರೆ. ಕಬ್ಬು ಕಡಿಯುವವನ, ಬೆಳೆಯುವವನ ಪಕ್ಷದಿಂದ ಈ 18ರಲ್ಲಿ ಗೆದ್ದು ಒಳಗೆ ಹೋದವನು ಒಬ್ಬನೂ ಇಲ್ಲ. ಸುವರ್ಣ ವಿಧಾನಸೌಧ ನಮ್ಮ ಕಣ್ಣೆದುರೇ ಇದೆ, 2012ರಿಂದ. ಚಳಿಗಾಲದ ಅಧಿವೇಶನ ಅಲ್ಲಿ ನಡೆದಾಗ ರೈತರಿಗೆ ಸಿಗುವ ಜಾಗ ಹೊರಗಿನ ಪೆಂಡಾಲು. ಒಳಗೆ ಕುಳಿತು ಕೇಳಬೇಕಾದ ಪ್ರಶ್ನೆಯನ್ನು ಹೊರಗೆ ರಸ್ತೆ ತಡೆದು ಕೇಳಬೇಕಾಗಿದೆ.

ಇನ್ನು ನನಗೆ ಕಷ್ಟವಾಗುವ ಮಾತು. ಸಣ್ಣ ಪಕ್ಷಕ್ಕೆ ಜಾಗ ಬೇಕು ಎಂದರೆ ನನಗೆ ಪ್ರೀತಿಯ ಸಣ್ಣ ಪಕ್ಷಕ್ಕೆ ಮಾತ್ರ ಬೇಕು ಎಂದಲ್ಲ. ಬೆಳಗಾವಿಯವನಾಗಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಮಾತು ಎತ್ತದೆ ಮುಂದೆ ಹೋಗಲಾರೆ. ಕಾಲೇಜಿನಲ್ಲಿದ್ದಾಗ ನವೆಂಬರ್ ಒಂದರಂದು ಚೆನ್ನಮ್ಮ ವೃತ್ತದಲ್ಲಿ ನಾವು ರಾಜ್ಯೋತ್ಸವದ ಮೆರವಣಿಗೆಯಲ್ಲಿ ಕುಣಿಯುತ್ತಿದ್ದರೆ, ಅದೇ ಊರಿನ ಇನ್ನೊಂದು ಓಣಿಯಲ್ಲಿ ಅವರು ಕರಾಳ ದಿನ ಆಚರಿಸುತ್ತಿದ್ದರು. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಅವರ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಬೆಳಗಾವಿ ಕರ್ನಾಟಕದ್ದು, ಮಹಾಜನ ವರದಿ 1967ರಲ್ಲೇ ಹಾಗೆ ಹೇಳಿದೆ, ನನ್ನ ಮನಸ್ಸೂ ಹಾಗೆಯೇ ಹೇಳುತ್ತದೆ. ದಶಕಗಳ ಕಾಲ ಮಹಾನಗರ ಪಾಲಿಕೆಯಲ್ಲಿ ಅವರದೇ ಮಾತು ನಡೆಯಿತು. 2005ರಲ್ಲಿ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರುವ ಠರಾವು ಮಾಡಿತು, ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಆಗ ನನಗೆ ಸಂತೋಷವೇ ಆಗಿತ್ತು.

ಆದರೆ ಈ ದೇಶದಲ್ಲಿ ಗೋಗೊ ಹೇಳಿದ 1994ರ ಕಥೆ ಕೇಳಿದ ಮೇಲೆ ಹಾಗೆ ಸಂತೋಷಪಡಲು ಆಗುತ್ತಿಲ್ಲ. ಎಲ್ಲರಿಗೂ ಓಟು ಸಿಕ್ಕ ಮೊದಲ ಚುನಾವಣೆಯನ್ನೇ ಇಂಕಾಥಾ ಆಗ ಬಹಿಷ್ಕರಿಸಿತ್ತು. ಅದರ ಹಿಂದಿನ ವರ್ಷಗಳಲ್ಲಿ ಜುಲು ನಾಡಿನಲ್ಲೂ ಜೋಹಾನ್ಸ್‌ಬರ್ಗ್ ಸುತ್ತಲೂ ಆ ಪಕ್ಷದವರಿಗೂ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನವರಿಗೂ ನಡೆದ ಹೊಡೆದಾಟದಲ್ಲಿ ಸಾವಿರಾರು ಜನ ಸತ್ತಿದ್ದರು. ಗೋಗೊ ಅವರ ಅಣ್ಣನ ಮನೆ ಸುಟ್ಟುಹೋಗಿತ್ತು. ಚುನಾವಣೆಗೆ ಒಂದು ವಾರ ಉಳಿದಾಗ ಆ ಪಕ್ಷದ ನಾಯಕ ಬುಥೆಲೆಜಿ ಒಪ್ಪಿಕೊಂಡರು. ಅಷ್ಟರಲ್ಲಿ ಮತಪತ್ರಗಳು ಅಚ್ಚಾಗಿ ಮುಗಿದಿದ್ದವು. ಏನು ಮಾಡಿದರು? ಪಕ್ಷದ ಹೆಸರು, ಗುರುತು ಇರುವ ಸ್ಟಿಕ್ಕರ್ ಅಚ್ಚು ಹಾಕಿಸಿ ಒಂದೊಂದು ಮತಪತ್ರದ ಕೆಳಗೂ ಅಂಟಿಸಿದರು. ‘ಕಾಗದದ ಕೊನೆಯಲ್ಲಿ ಅಂಟಿಸಿದ ಆ ಚೂರಿನ ಮೇಲೆ ಬೆರಳಾಡಿಸಿ ನೋಡಿದೆ, ಅಂಚು ಕೈಗೆ ಹತ್ತುತ್ತಿತ್ತು’ ಎಂದರು ಗೋಗೊ. ಇಂಕಾಥಾಗೆ 43 ಸ್ಥಾನ ಬಂತು. ಬುಥೆಲೆಜಿ ಮಂಡೇಲಾರ ಸರ್ಕಾರದಲ್ಲಿ ಗೃಹಮಂತ್ರಿಯಾದರು. ಹೊಡೆದಾಟ ಒಂದೇ ದಿನಕ್ಕೆ ನಿಲ್ಲಲಿಲ್ಲ, ಆದರೆ ಇಳಿಯುತ್ತ ಹೋಯಿತು. ಬೀದಿಯಲ್ಲಿ ಹೊಡೆದಾಡುತ್ತಿದ್ದವರಿಗೆ ಸದನದಲ್ಲಿ ಜಗಳವಾಡಲು ಕುರ್ಚಿ ಸಿಕ್ಕಿತ್ತು. ಆ ಪಕ್ಷಕ್ಕೆ ಇವತ್ತು ಸಂಸತ್ತಿನಲ್ಲಿ 17 ಸ್ಥಾನ, ಕ್ವಾಜುಲು-ನಟಾಲ್ ಪ್ರಾಂತ್ಯದ ಮುಖ್ಯಸ್ಥರೂ ಅದರವರೇ.

2021ರ ಬೆಳಗಾವಿ ಲೋಕಸಭಾ ಉಪಚುನಾವಣೆಯಲ್ಲಿ ಸಮಿತಿ ಬೆಂಬಲಿಸಿದ ಅಭ್ಯರ್ಥಿಗೆ ಒಂದು ಲಕ್ಷ 17 ಸಾವಿರ ಓಟು ಬಿದ್ದವು. ಬಿಜೆಪಿ ಗೆದ್ದದ್ದು ಐದು ಸಾವಿರ ಚಿಲ್ಲರೆ ಓಟಿನ ಅಂತರದಲ್ಲಿ. ವಿಧಾನಸಭೆಯಲ್ಲಿ 2013ರಲ್ಲಿ ಸಮಿತಿಯ ಇಬ್ಬರಿದ್ದರು. 2018ರಲ್ಲಿ, 2023ರಲ್ಲಿ ಒಬ್ಬರೂ ಇಲ್ಲ. ನಮ್ಮವರು ಇದನ್ನು ಸಮಿತಿಯ ಕಥೆ ಮುಗಿಯಿತೆಂದು ಸಂಭ್ರಮಿಸುತ್ತಾರೆ. ಲಕ್ಷ ಜನರ ಅಸಮಾಧಾನಕ್ಕೆ ಸದನದಲ್ಲಿ ಬಾಯಿಲ್ಲ ಎಂದರೆ ಅಸಮಾಧಾನ ಮುಗಿದಿದೆ ಎಂದಲ್ಲ. ಬಸ್ಸಿಗೆ ಮಸಿ ಬಳಿಯುವುದು, ಕಂಡಕ್ಟರನ ಮೇಲೆ ಕೈ ಮಾಡುವುದು, ಗಡಿಯಲ್ಲಿ ಬಸ್ಸು ನಿಲ್ಲುವುದು, ಇದೆಲ್ಲ ಪದೇ ಪದೇ ನಡೆಯುತ್ತಲೇ ಇದೆ. ಅದಕ್ಕಿಂತ ಅವರು ಸುವರ್ಣಸೌಧದೊಳಗೆ ನಿಂತು ಮರಾಠಿಯಲ್ಲಿ ಕೂಗಾಡಲಿ, ನಮ್ಮವರು ಕನ್ನಡದಲ್ಲಿ ಉತ್ತರ ಕೊಡಲಿ. ಇದನ್ನು ಓದಿ ಊರಿನ ಗೆಳೆಯರು ಸಿಟ್ಟಾಗಬಹುದು. ಗೋಗೊ ಅವರ ಅಣ್ಣನ ಮನೆ ನೆನಪಾದಾಗ ನನಗೆ ಬೇರೆ ಮಾತು ಹೊಳೆಯುವುದಿಲ್ಲ.

ಇಲ್ಲಿಯ ಪದ್ಧತಿಗೂ ಬೆಲೆ ತೆರಬೇಕು, ಅದನ್ನು ನಾನು ದಿನಾ ತೆರುತ್ತಿದ್ದೇನೆ. ನಮ್ಮ ಜೋಹಾನ್ಸ್‌ಬರ್ಗ್ ನಗರಸಭೆಯಲ್ಲಿ 270 ಸ್ಥಾನ. 2021ರ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ದೊಡ್ಡ ಪಕ್ಷಗಳು ಒಬ್ಬರನ್ನೊಬ್ಬರು ಒಪ್ಪಲಿಲ್ಲ. ಕಡೆಗೆ 2023ರಲ್ಲಿ ಕೇವಲ 3 ಸ್ಥಾನದ ಅಲ್ ಜಮಾ ಪಕ್ಷದವರು ಮೇಯರ್ ಆದರು, ಒಬ್ಬರು ಹೋಗಿ ಅದೇ ಪಕ್ಷದ ಇನ್ನೊಬ್ಬರು ಬಂದರು. ಆ ಗದ್ದಲದಲ್ಲಿ ನಮ್ಮ ಬೀದಿಯ ಒಡೆದ ಪೈಪು ವಾರಗಟ್ಟಲೆ ಹರಿಯಿತು. ಮೂರು ಸ್ಥಾನದವನಿಗೆ ಪ್ರಶ್ನೆ ಕೇಳುವ ಹಕ್ಕು ಬೇರೆ, ಮೂರು ಸ್ಥಾನದಿಂದ ಇಡೀ ನಗರ ಆಳುವುದು ಬೇರೆ. ಎರಡನೆಯದು ನನಗೆ ಒಪ್ಪಿಗೆಯಿಲ್ಲ. ಆದರೆ ತಪ್ಪು ಆ ಮೂವರದಲ್ಲ, ಅವರನ್ನು ಮುಂದಿಟ್ಟು ಹಿಂದೆ ಆಟವಾಡಿದ ದೊಡ್ಡ ಪಕ್ಷಗಳದು.

ಸಣ್ಣ ಪಕ್ಷದ ನಿಜವಾದ ಶತ್ರು ಸೋಲಲ್ಲ, ಮಾರಾಟ. ಇಲ್ಲಿ 2002ರಲ್ಲಿ ಸದಸ್ಯರು ಸ್ಥಾನ ಕಳೆದುಕೊಳ್ಳದೆ ಪಕ್ಷ ಬದಲಿಸಲು ದಾರಿ ಮಾಡಿಕೊಟ್ಟರು. ಸಣ್ಣ ಪಕ್ಷಗಳು ಸೋರಿಹೋಗತೊಡಗಿದವು, ಲಾಭ ಆಳುವ ಪಕ್ಷಕ್ಕೆ. ಜನ ಛೀ ಎಂದರು, 2009ರಲ್ಲಿ ಆ ಕಾನೂನನ್ನೇ ತೆಗೆದರು. ನಮ್ಮ ಪಕ್ಷಾಂತರ ನಿಷೇಧ ಕಾಯ್ದೆ 1985ರದು. ಅದರಲ್ಲಿ ಮೂರರಲ್ಲಿ ಎರಡು ಪಾಲು ಶಾಸಕರು ಒಪ್ಪಿ ವಿಲೀನವಾದರೆ ತಪ್ಪಿಲ್ಲ. ಒಬ್ಬನೇ ಶಾಸಕನಿರುವ ಪಕ್ಷದಲ್ಲಿ ಮೂರರಲ್ಲಿ ಎರಡು ಪಾಲು ಅಂದರೆ ಆ ಒಬ್ಬನೇ. 2018ರಲ್ಲಿ ರಾಣೆಬೆನ್ನೂರಿನಲ್ಲಿ ಕೆಪಿಜೆಪಿ (ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ) ಎನ್ನುವ ಸಣ್ಣ ಪಕ್ಷದಿಂದ ಗೆದ್ದ ಒಬ್ಬರೇ ಶಾಸಕರು ಮರುವರ್ಷವೇ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿದ್ದು ನೆನಪಿರಬಹುದು. ಓಟು ಹಾಕಿದವರನ್ನು ಯಾರೂ ಕೇಳಲಿಲ್ಲ.

ನಮ್ಮ ಭಾಗದ್ದೇ ಹಳೆಯ ಕಥೆ ರಾಮಕೃಷ್ಣ ಹೆಗಡೆಯವರ ಲೋಕಶಕ್ತಿಯದು. 1991ರಲ್ಲಿ ಬಾಗಲಕೋಟೆಯಲ್ಲಿ ಲೋಕಸಭೆಗೆ ನಿಂತ ಹೆಗಡೆಯವರನ್ನು, ಕೃಷ್ಣೆಗೆ ರೈತರೇ ಬ್ಯಾರೇಜು ಕಟ್ಟುವಂತೆ ಮಾಡಿದ ಸಿದ್ದು ನ್ಯಾಮಗೌಡರು ಸೋಲಿಸಿದ್ದರು. ಏಳು ವರ್ಷದ ಮೇಲೆ, 1998ರಲ್ಲಿ, ಅದೇ ಬಾಗಲಕೋಟೆ ಹೆಗಡೆಯವರ ಹೊಸ ಪಕ್ಷಕ್ಕೆ ಗೆಲುವು ಕೊಟ್ಟಿತು, ಚಿಕ್ಕೋಡಿಯೂ ಕೊಟ್ಟಿತು. ಬಿಜೆಪಿ ಜೊತೆ ಮೈತ್ರಿ, ಹೆಗಡೆ ವಾಜಪೇಯಿ ಸರ್ಕಾರದಲ್ಲಿ ವಾಣಿಜ್ಯ ಮಂತ್ರಿ. ಮರುವರ್ಷ ಲೋಕಶಕ್ತಿ ಸಂಯುಕ್ತ ಜನತಾದಳದಲ್ಲಿ ಕರಗಿತು. ಬಾಬಾಗೌಡರೂ ಅದೇ 1998ರಲ್ಲಿ ಬಿಜೆಪಿಯಿಂದ ಬೆಳಗಾವಿಯ ಸಂಸದರಾಗಿ ಕೇಂದ್ರದಲ್ಲಿ ಮಂತ್ರಿಯಾದರು. ಅವರನ್ನು ದೂರುವ ಮನಸ್ಸಿಲ್ಲ, ಗೆದ್ದ ಮೇಲೂ ಏನೂ ಮಾಡಲಾಗದ ಪದ್ಧತಿಯಲ್ಲಿ ದೊಡ್ಡ ಮನೆ ಸೇರುವುದು ಯಾರಿಗಾದರೂ ಹೊಳೆಯುವ ದಾರಿ. ಆದರೆ ನಮ್ಮ ಕಾಕಾ ಅಂದಿನಿಂದ ಚುನಾವಣೆಯ ಮಾತು ಬಂದರೆ ಎದ್ದುಹೋಗತೊಡಗಿದರು. ಟವೆಲ್ ಮಾತ್ರ ಹೆಗಲ ಮೇಲೆ ಇತ್ತು.

ಇಡೀ ದೇಶದ ಪದ್ಧತಿ ನಾಳೆಯೇ ಬದಲಾಗಬೇಕೆಂದು ನಾನು ಕೇಳುತ್ತಿಲ್ಲ. ಬೆಳಗಾವಿ ಪಾಲಿಕೆಯಿಂದಲೇ ಶುರುಮಾಡಬಹುದು. ಅಲ್ಲಿ 58 ವಾರ್ಡು. 2021ರಲ್ಲಿ ಮೊದಲ ಸಲ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ನಡೆದು ಬಿಜೆಪಿ 35 ಗೆದ್ದಿತು. ಜೋಹಾನ್ಸ್‌ಬರ್ಗ್‌ನಲ್ಲಿ 135 ಸದಸ್ಯರು ವಾರ್ಡಿನಿಂದ, 135 ಜನ ಪಕ್ಷದ ಪಟ್ಟಿಯಿಂದ ಬರುತ್ತಾರೆ. ವಾರ್ಡಿನಲ್ಲಿ ಸೋತವರ ಓಟು ಪಟ್ಟಿಯ ಮೂಲಕ ಒಳಗೆ ಬರುತ್ತದೆ, ಗಟಾರದ ದೂರಿಗೆ ವಾರ್ಡಿನ ಸದಸ್ಯನೂ ಇದ್ದೇ ಇರುತ್ತಾನೆ. ನಮ್ಮ ಊರಿಗೆ ಇದು ಚೆನ್ನಾಗಿ ಹೊಂದುತ್ತದೆ. ಕನ್ನಡ, ಮರಾಠಿ, ಉರ್ದು ಮೂರೂ ಮಾತಾಡುವ ಊರು ಅದು.

ಹೋದ ಸಲ ರಜೆಗೆ ಊರಿಗೆ ಹೋದಾಗ ಇದನ್ನೆಲ್ಲ ಕಾಕಾ ಮುಂದೆ ಹೇಳಿದೆ. ಮೊದಲು ಎದ್ದುಹೋಗುವ ಹಾಗೆ ಮಾಡಿದರು, ಆಮೇಲೆ ಕುಳಿತರು.

‘ತಮ್ಮಾ, ನಿಮ್ಮ ಆ ದೇಶದ ಲೆಕ್ಕ ನಮ್ಮ ರಾಜ್ಯಕ್ಕ ಹಚ್ಚಿದರ ಒಂದ ಸೀಟಿಗೆ ಎಷ್ಟ ವೋಟ್ ಬೇಕು?’

ನಾನು 2023ರ ಲೆಕ್ಕ ಹಿಡಿದು ಹೇಳಿದೆ: ‘ಒಂದ ಲಾಖ ಎಪ್ಪತ್ತ ಸಾವಿರದ ಆಸುಪಾಸು, ಕಾಕಾ.’

‘ಅಷ್ಟೂ ನಮ್ಮ ಕಿತ್ತೂರ ಮತಕ್ಷೇತ್ರದಾಗ ಬೀಳಬೇಕು?’

‘ಇಲ್ಲ. ಎಲ್ಲೆ ಬಿದ್ದರೂ ನಡೀತದ.’

‘ನರಗುಂದದ್ದೂ ಕೂಡ್ತಾವ? ಮಂಡ್ಯಾದ್ದೂ?’

‘ಕೂಡ್ತಾವ.’

ಕಾಕಾ ಟವೆಲ್ ತೆಗೆದು ಮೊಳಕಾಲ ಮೇಲೆ ಹಾಸಿಕೊಂಡರು. ಬೆರಳು ಮಡಚುತ್ತ ಹಳೆಯ ಸಂಘದ ಊರುಗಳನ್ನು ಎಣಿಸತೊಡಗಿದರು. ಚಿಕ್ಕಬಾಗೇವಾಡಿ, ತುರಮರಿ, ಅಂಬಡಗಟ್ಟಿ, ದಾಸ್ತಿಕೊಪ್ಪ, ಬೆಳವಡಿ, ದೊಡವಾಡ. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕಾಕು ಕೈ ನಿಲ್ಲಿಸಿ, ‘ನೇಸರಗಿ ಬಿಟ್ಟಿರಿ ನೋಡ್ರಿ’ ಎಂದಳು.